ಅಂಕೋಲೆಯ ಖಾನಾವಳಿಯಲ್ಲಿ ಸೈಕಲ್ ಚಡ್ಡಿ

ದೋಸ್ತರೇ, ಸೈಕಲ್ ಹೊಡೆಯುವವರ ಬಿಗಿ ಚಡ್ಡಿ ಹಾಕಿಕೊಂಡು ನಮ್ಮ ಕಡೆಯ ಹಳೇ ಖಾನಾವಳಿಗೆ ಮಾತ್ರ ಹೋಗಬೇಡಿ. ಇವತ್ತು ಕಾರವಾರದಿಂದ ಅಂಕೋಲೆಯವರೆಗೆ ತುಳಿದು, ಹಸಿದು ಅಂಥದ್ದೊಂದಕ್ಕೆ ನುಗ್ಗಿದೆ. ದುಡ್ಡಿನ ಗಲ್ಲೆಯ ಮುಂದೆ ಕೂತಿದ್ದ ಮಾಲೀಕ ಅಜ್ಜ ನನ್ನ ತೊಡೆಯನ್ನೇ ನೋಡಿದರು.

“ಇದೆಂಥದ್ರೀ, ಪ್ಯಾಂಟ್ ಮರ್ತು ಬಂದ್ರಾ?”

“ಕಾರವಾರದಿಂದ ಸೈಕಲ್ ಮೇಲೆ ಬಂದೆ. ಸೈಕಲ್ ಹೊಡಿಯೂಕೆ ಇದೇ ಪ್ಯಾಂಟು, ಅಜ್ಜಾ.”

“ಇರ್ಲಿ. ಒಳಗೆ ಹೆಂಗಸ್ರು ಊಟಕ್ಕೆ ಕೂತಿದ್ದಾರೆ. ಇದ್ನ ಸುತ್ಕಳಿ” ಎಂದು ತಮ್ಮದೊಂದು ಲುಂಗಿ ಕೊಟ್ಟರು.

ವಾದ ಮಾಡಲು ತ್ರಾಣವಿರಲಿಲ್ಲ. ಸುತ್ತಿಕೊಂಡೆ. ಕೈ ತೊಳೆದು ಬರುವಷ್ಟರಲ್ಲಿ, ಮೂಲೆಯ ಮೇಜಿನಲ್ಲಿದ್ದ ಹಿರಿಯರೊಬ್ಬರು ನನ್ನ ಹಳದಿ ಅಂಗಿಯನ್ನೂ ಲುಂಗಿಯನ್ನೂ ನೋಡಿ, “ತಮಾ, ಎರಡು ಸೋಲಕಡಿ ತಕಂಬಾ” ಎಂದರು. ನಾನು ಸಪ್ಲಾಯರ್ ಅಲ್ಲ ಎಂದು ವಿವರಿಸುವುದಕ್ಕಿಂತ ತಂದುಕೊಡುವುದೇ ಸುಲಭ ಅನ್ನಿಸಿತು. ಅಡುಗೆಮನೆಯ ಕಿಂಡಿಯಿಂದ ಆ ಕೋಕಂ-ತೆಂಗಿನಹಾಲಿನ ಎರಡು ಲೋಟ ತಂದುಕೊಟ್ಟೆ. ಪಕ್ಕದ ಮೇಜಿನವರು ಹುರಿದ ಬಾಂಗಡೆ ಮೀನು ಕೇಳಿದರು. ಅದನ್ನೂ ಕೊಟ್ಟೆ. ಇವತ್ತಿನ ಕೊನೆಯ ಬಾಂಗಡೆ ಅದೇ ಎಂದು ಆಮೇಲೆ ಗೊತ್ತಾಯಿತು. ನನಗೆ ಸಿಕ್ಕಿದ್ದು ಬರೀ ಅನ್ನ, ಸಾರು.

“ಇವ ಭಾರೀ ನಿಧಾನ” ಎಂದು ಹಿರಿಯರು ಅಜ್ಜನ ಹತ್ತಿರ ದೂರಿದರು.

ಅಜ್ಜ ನನ್ನ ಪರ ನಿಂತರು. “ಪಾಪ, ಕಾರವಾರದಿಂದ ಸೈಕಲ್ ಮೇಲೆ ಬಂದವ್ರು.”

ಹಿರಿಯರ ಮುಖ ಕರಗಿತು. “ದಿನಾ ಅಷ್ಟು ದೂರದಿಂದ ಬರೂದಾ? ಇಲ್ಲೇ ಒಂದು ರೂಮು ಹಿಡಿ, ತಮಾ. ಆರೋಗ್ಯ ಹಾಳಾಗ್ತದೆ.”

ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಆಫೀಸಿನವರು ಯಾರೂ ಇಷ್ಟು ಕಾಳಜಿ ತೋರಿಸಿದ್ದಿಲ್ಲ.