ಆಂಟಿ ಎತ್ತಿಟ್ಟ ತೋಫು

ಮೊದಲೇ ಹೇಳಿಬಿಡುತ್ತೇನೆ, ಒಂದು ಚಳಿಗಾಲ, ಕ್ರಿಸ್‌ಮಸ್ಸಿನವರೆಗೆ, ನಾನು ಸಸ್ಯಾಹಾರಿಯಾಗಿದ್ದೆ. ದೇವರಿಗಾಗಿ ಅಲ್ಲ, ಡಾಕ್ಟರು ಹೇಳಿದ್ದಕ್ಕೂ ಅಲ್ಲ, ಬರೀ ಹೊಟ್ಟೆಕಿಚ್ಚಿಗೆ. ಬನ್ನಂಜೆಯ ನಮ್ಮ ಮನೆಯಲ್ಲಿ ಮೀನಿಲ್ಲದ ದಿನ ಅನ್ನ ಗಂಟಲಲ್ಲಿ ಇಳಿಯದವನು ನಾನು.

ಮೊನ್ನೆ ಮಣಿಪಾಲದ ಅಂಗಡಿಯೊಂದರಲ್ಲಿ ಎಳ್ಳಿನ ಪೇಸ್ಟಿನ ಬಾಟಲಿ ಬಿದ್ದು ಒಡೆಯಿತು. ಹುರಿದ ಎಳ್ಳಿನ ಆ ವಾಸನೆ ಬಂದದ್ದೇ, ಹಿಂದೆ ನಾನು ಕೆಲಸಕ್ಕಿದ್ದ ಐರ್ಲೆಂಡಿನ ಸಣ್ಣ ಪೇಟೆ, ಅಲ್ಲಿನ ಆರೋಗ್ಯ ಆಹಾರದ ಅಂಗಡಿ, ಕೌಂಟರಿನ ಹಿಂದೆ ಕಾಪುವಿನ ಆಂಟಿ...

ಆಂಟಿಯ ಮಗಳು ಅಲ್ಲಿ ನರ್ಸ್. ಇವರು ಹೊತ್ತು ಹೋಗಲಿ ಎಂದು ಅಂಗಡಿಗೆ ಸೇರಿದವರು. ಮನೆಮಾತು ಕೊಂಕಣಿ, ಮಗನೇ ಎನ್ನಲು 'ಪುತಾ'; ಉಳಿದಂತೆ ನಮ್ಮೊಡನೆ ಇಗರ್ಜಿಯಲ್ಲಿ ಬೈಬಲ್ ಓದಿ ಹೇಳುವ ಹಾಗೆ ಬಿಡಿಸಿ ಬಿಡಿಸಿ ಕನ್ನಡ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಲು ಕನ್ನಡಕವನ್ನು ಮೂಗಿನ ತುದಿಗೆ ಇಳಿಸುತ್ತಿದ್ದರು. ನಾನು ಅವರೆದುರೇ ಅದನ್ನು ಅಣಕಿಸುತ್ತಿದ್ದೆ, ಅವರು ನಗುತ್ತಿದ್ದರು. ಆದರೆ ಆ ಓದೆಲ್ಲ ನನಗಾಗಿ ಅಲ್ಲ, ನನ್ನ ರೂಮಿನವನಿಗಾಗಿ.

ಅವನು ಕಾರ್ಕಳದ ಜೈನ. ಮೊಟ್ಟೆ ಇಲ್ಲ, ಜೇನು ಇಲ್ಲ, ಬಟಾಟೆ ಇಲ್ಲ, ಸೂರ್ಯ ಮುಳುಗಿದ ಮೇಲೆ ಊಟವೇ ಇಲ್ಲ. ಅಲ್ಲಿನ ಚಳಿಗಾಲದ ಸೂರ್ಯನೋ, ನಾವು ಸಂಜೆಯ ಚಾ ಕುಡಿಯುವ ಮೊದಲೇ ಮನೆಗೆ ಹೊರಟವ! ಇವನು ಕೆಲಸದ ನಡುವೆ ಓಡಿಬರುವ ಹೊತ್ತಿಗೆ ಆಂಟಿ ಕಿಟಕಿಯಿಂದ ಆಕಾಶ ನೋಡುತ್ತಾ ನಿಂತಿರುತ್ತಿದ್ದರು. ಸಾಲಿನಲ್ಲಿದ್ದ ಬಿಳಿಯರನ್ನೆಲ್ಲ ಸರಿಸಿ, ತೋಫು, ಮೊಟ್ಟೆ ಹಾಕದ ಬ್ರೆಡ್ಡು, ಎಳ್ಳಿನ ಪೇಸ್ಟು ತುಂಬಿಸಿಟ್ಟ ಚೀಲವನ್ನು ಅವನ ಕೈಗೆ ಕೊಡುತ್ತಿದ್ದರು. ಅವನು ಒಂದು ದಿನವೂ ಕೇಳಿದವನಲ್ಲ. ನನ್ನಮ್ಮ ಕೂಡ ನನಗಾಗಿ ಹಾಗೆ ಕಿಟಕಿಯಲ್ಲಿ ನಿಂತದ್ದು ನೆನಪಿಲ್ಲ. ಉರಿಯಿತು.

"ಆಂಟಿ, ನಾನೂ ಬಿಟ್ಟೆ" ಎಂದು ಒಂದು ದಿನ ಘೋಷಿಸಿದೆ. "ಮೀನು, ಮೊಟ್ಟೆ, ಬಟಾಟೆ, ರಾತ್ರಿಯ ಊಟ, ಎಲ್ಲ."

"ಎಂತ ಮಾರಾಯ, ಮೈಗೆ ಹುಷಾರುಂಟಲ್ಲ?"

ಮರುದಿನದಿಂದ ಎರಡು ಚೀಲ. ಗೆದ್ದೆ ಅಂದುಕೊಂಡೆ. ರೂಮಿಗೆ ಬಂದು ಬಿಚ್ಚಿ ನೋಡಿದರೆ ಅವನ ಚೀಲದಲ್ಲಿ ಮಾತ್ರ ಒಂದು ಡಬ್ಬಿ, ಆಂಟಿಯೇ ಮಾಡಿದ ಬಾಳೆಕಾಯಿ ಪಲ್ಯ...

ಕ್ರಿಸ್‌ಮಸ್ಸಿಗೆ ನಮ್ಮನ್ನು ಮನೆಗೆ ಕರೆದರು. ಬೆಳಕಿರುವಾಗಲೇ ನಮ್ಮಿಬ್ಬರಿಗೆ ಬೇರೆ ಪಾತ್ರೆಯಲ್ಲಿ ಮಾಡಿದ ಅಡುಗೆ ಬಡಿಸಿದರು. ಕತ್ತಲಾದ ಮೇಲೆ ಉಳಿದ ನೆಂಟರಿಗೆ ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಹುಳಿ-ಖಾರದ ಪುಳಿಮುಂಚಿ. ಆ ಘಾಟು ಮೂಗಿಗೆ ಹೊಡೆದದ್ದೇ ನನ್ನ ವ್ರತ ನೆಲಕಚ್ಚಿತು. ತಟ್ಟೆ ಹಿಡಿದು ಸೀದಾ ಅಡುಗೆಮನೆಗೆ ಹೋದೆ.

"ಆಂಟಿ, ಅವನಿಗೆ ಎಲ್ಲ ಎತ್ತಿಡ್ತೀರಿ. ನಾನೆಂತ ಪಾಪ ಮಾಡಿದ್ದು?" ತಮಾಷೆಯ ಸ್ವರದಲ್ಲಿ ಕೇಳಬೇಕೆಂದಿದ್ದೆ. ಸ್ವರ ಕೈಕೊಟ್ಟಿತು.

ಕಳೆದ ವರ್ಷ ಅವರು ತೀರಿಕೊಂಡರು. ಮಗಳು ಫೋನು ಮಾಡಿದ್ದು ಕಾರ್ಕಳಕ್ಕೆ, ಅವನಿಗೆ. ನನಗೆ ತಿಳಿದದ್ದು ಅವನಿಂದ. ಅಳು ಬರುವ ಮೊದಲು ಅದಕ್ಕೂ ಹೊಟ್ಟೆ ಉರಿಯಿತು ನೋಡಿ! ಊರಿನಲ್ಲಿ ಯಾರ ಸ್ವರ ಬೇಕಾದರೂ ತೆಗೆದು ನಗಿಸುತ್ತೇನೆ. ಅವರದ್ದು ಮಾತ್ರ ಈಗ ಬರುವುದಿಲ್ಲ... ಅಂದು ನನ್ನ ತಟ್ಟೆಗೆ ಇದ್ದುದರಲ್ಲಿ ದೊಡ್ಡ ಬಂಗುಡೆ ಹಾಕಿ ಅವರು ಹೇಳಿದ ಮಾತು ಮಾತ್ರ ಒಂದಕ್ಷರ ಬಿಡದೆ ನೆನಪುಂಟು:

"ಅವನು ಹಸಿದು ಬಿದ್ದರೂ ಬಾಯಿ ಬಿಡುವುದಿಲ್ಲ ಪುತಾ. ನಿನ್ನದು ಮುಚ್ಚಿದ್ದನ್ನು ನಾನು ಇನ್ನೂ ನೋಡಬೇಕಷ್ಟೆ. ತಿನ್ನು."