ಆಯಿಯ ಕೈ ನಿಲ್ಲಿಸಿದ ಹಾಡು

ಇವತ್ತು ವಿಜಯಪುರದ ಖಾನಾವಳಿಯೊಂದರಲ್ಲಿ ಊಟಕ್ಕೆ ಕೂತಿದ್ದಾಗ ಒಳಗಿನಿಂದ ರೊಟ್ಟಿ ಸೀದ ವಾಸನೆ ಬಂತು. ಪಕ್ಕದವರು ಮುಖ ಸಿಂಡರಿಸಿದರು. ನನಗೆ ಮಾತ್ರ ಖುಷಿಯಾಯಿತು.

ನಾನು ಚಿಕ್ಕವನಿದ್ದಾಗ ತಿಕೋಟಾದ ಮನೆಯಲ್ಲಿ ಆಯಿ, ಎಂದರೆ ನಮ್ಮ ಅಜ್ಜಿ, ರೊಟ್ಟಿ ಬಡಿಯುತ್ತ ನೋಡಲೆಂದು ಟಿವಿಯನ್ನು ಅಡುಗೆಮನೆಯ ಬಾಗಿಲೆದುರಿಗೇ ಇಡಿಸಿದ್ದಳು. ರಜೆಗೆ ಬಬಲೇಶ್ವರದಿಂದ ಬರುತ್ತಿದ್ದ ದೊಡ್ಡಮ್ಮನ ಮಗಳು ಸುವರ್ಣಾ ಒಂದು ದೊಡ್ಡ ಕಂಪನಿಯ ಹಾಡಿನ ಕಾರ್ಟೂನ್ ಸಿನಿಮಾಗಳ ಕಡೆ. ನಾನು ಅದರ ಎದುರಾಳಿ ಕಂಪನಿಯ ಕಡೆ. ಸಿ.ಡಿ. ಪ್ಲೇಯರ್ ಒಂದೇ. ಹೀಗಾಗಿ ನಮ್ಮಿಬ್ಬರ ನಡುವೆ ಒಂದು ಪಂದ್ಯ: ಇಬ್ಬರೂ ಒಂದೊಂದು ಹಾಡು ಹಾಕಬೇಕು; ಯಾವ ಹಾಡಿನ ತಾಳಕ್ಕೆ ಆಯಿ ರೊಟ್ಟಿ ಬಡಿಯುತ್ತಾಳೋ ಆ ಸಿನಿಮಾವನ್ನು ಪೂರ್ತಿ ನೋಡಬೇಕು. ಸುವರ್ಣಾಳ ಕಂಪನಿಯ ಹಾಡುಗಳಿಗೆ ಕುಣಿತದ ತಾಳ. ನಾನು ಸೋಲುತ್ತಲೇ ಇದ್ದೆ.

ಒಂದು ದಿನ ನಾನು, ತಾಯಿ ಒಂಟೆ ತನ್ನ ಮರಿಯನ್ನು ಮಲಗಿಸುವ ಹಾಡು ಹಾಕಿದೆ. ಇಂಗ್ಲಿಷಿನ ಒಂದಕ್ಷರವೂ ತಿಳಿಯದ ಆಯಿಯ ಕೈ ಹಿಟ್ಟಿನ ಮೇಲೆ ಹಾಗೇ ನಿಂತುಬಿಟ್ಟಿತು. ಹಂಚಿನ ಮೇಲಿನ ರೊಟ್ಟಿ ಹೊಗೆಯಾಡತೊಡಗಿತು.

"ಕೈ ನಿಂತ್ಹೋತು! ಸೋತಿ ಲೇ!" ಎಂದು ಸುವರ್ಣಾ ಕುಣಿದಳು.

ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸುಮ್ಕಿರ ಬೇ. ನನ್ನ ಕೈ ನಿಲ್ಲಿಸೂ ಹಾಡು ಈ ಮನ್ಯಾಗ ಇನ್ನೂ ಬಂದಿದ್ದಿಲ್ಲ. ಇವನ ಗೆದ್ದಾನ. ಹಚ್ಚೋ ಯಪ್ಪಾ, ನಿನ್ನ ಪಿಚ್ಚರ್ ಹಚ್ಚು."

ಸೀದ ರೊಟ್ಟಿಗೆ ಶೇಂಗಾ ಹಿಂಡಿ, ಎಂದರೆ ಚಟ್ನಿಪುಡಿ, ಹಚ್ಚಿಕೊಂಡು ಮೂವರೂ ಕೊನೆಯವರೆಗೆ ನೋಡಿದೆವು.

ಈಗಷ್ಟೇ ಸುವರ್ಣಾಗೆ ಫೋನ್ ಮಾಡಿದ್ದೆ. ಆ ತೀರ್ಪನ್ನು ಅವಳು ಇನ್ನೂ ಒಪ್ಪಿಲ್ಲ. ತನ್ನ ಕಂಪನಿಯ ಹೊಸ ಸಿನಿಮಾ ಹಿಡಿದುಕೊಂಡು ರವಿವಾರ ಬರುತ್ತಾಳಂತೆ. "ಈ ಸಲ ನಿನ್ನ ಹೆಂಡತಿ ರೊಟ್ಟಿ ಬಡೀಲಿ, ನೋಡೂಣು!"