ಹೊಗೆಯ ಹದ ಬಲ್ಲ ರೇಣವ್ವ

ಬೆಳಗಿನ ಐದು ಗಂಟೆ. ಇಂಡಿಯಿಂದ ಚಡಚಣಕ್ಕೆ ಹೋಗುವ ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ರೇಣವ್ವ ಕಬ್ಬಿಣದ ಪೆಟ್ಟಿಗೆಯ ಮುಚ್ಚಳ ಎತ್ತುತ್ತಾರೆ. ಉಪ್ಪು, ಕೆಂಪುಖಾರ, ಲಿಂಬೆರಸ ಹೀರಿಕೊಂಡ ಕುರಿಯ ತೊಡೆಗಳನ್ನು ಜಾಲರಿಯ ಮೇಲೆ ಸಾಲಾಗಿ ಇಡುತ್ತಾರೆ. ಪಕ್ಕದ ಡಬ್ಬಿಗೆ ಕಟ್ಟಿಗೆ ಪುಡಿಯಿಂದ ಒತ್ತಿ ಮಾಡಿದ ಗುಳಿಗೆಗಳನ್ನು ಸುರಿದು ಗುಂಡಿ ಒತ್ತಿದರೆ, ಒಳಗಿನ ತಿರುಪು ಅವನ್ನು ತುಸುತುಸುವೇ ಬೆಂಕಿಗೆ ತಳ್ಳುತ್ತದೆ. ಸಣ್ಣ ಫ್ಯಾನು ಗಾಳಿ ಊದುತ್ತದೆ. ಸ್ವಲ್ಪ ಹೊತ್ತಿಗೆ ತೆಳುವಾದ ನೀಲಿ ಹೊಗೆ ಏಳುತ್ತದೆ.

“ಖಂಡಕ್ಕ ಅವಸರ ಮಾಡಬಾರದ್ರಿ. ನೂರಾ ಹತ್ತು ಡಿಗ್ರಿ ದಾಟಿತಂದ್ರ ಹೊರಗ ಕರಕ, ಒಳಗ ಹಸಿ” ಎನ್ನುತ್ತಾರೆ.

ಐವತ್ತೆರಡರ ರೇಣವ್ವ ಒಂಬತ್ತು ವರ್ಷ ಒಂದು ಢಾಬಾದ ಹಿತ್ತಿಲಲ್ಲಿ ಪಾತ್ರೆ ತಿಕ್ಕಿದವರು. ಅಲ್ಲಿನ ಮಾಲೀಕ ಪುಣೆಯಿಂದ ಈ ಯಂತ್ರ ತರಿಸಿದ. ಬಾಣಸಿಗರಿಗೆ ಅದು ಒಗ್ಗಲಿಲ್ಲ, ಕೆಟ್ಟು ಮೂಲೆಗೆ ಬಿತ್ತು. ಅವ್ವ ಒಲೆಯ ಮೇಲೆ ಖಂಡದ ತುಂಡು ತೂಗುಹಾಕಿ ಹೊಗೆ ಕುಡಿಸುವುದನ್ನು ನೋಡಿ ಬೆಳೆದ ರೇಣವ್ವ, ಕೆಲಸ ಬಿಡುವಾಗ ಆ ಯಂತ್ರವನ್ನೇ ಕೇಳಿ ತಂದರು. ವೆಲ್ಡಿಂಗ್ ಅಂಗಡಿಯ ಯಾಸೀನ ತಿರುಪು ಬದಲಿಸಿ, ಕರೆಂಟ್ ಹೋದಾಗ ಇರಲೆಂದು ಟ್ರ್ಯಾಕ್ಟರ್ ಬ್ಯಾಟರಿ ಜೋಡಿಸಿಕೊಟ್ಟರು. ಮೊದಲು ತಂದದ್ದು ಬಾಯ್ಲರಿಗೆ ಹಾಕುವ ಗುಳಿಗೆ. ಎಂಟು ಕಿಲೋ ಖಂಡವೆಲ್ಲ ಕಹಿಯಾಗಿ, ಮಣ್ಣಿನಲ್ಲಿ ಹೂಳಬೇಕಾಯಿತು. ಈಗ ಬರೀ ಜಾಲಿ ಕಟ್ಟಿಗೆಯ ಗುಳಿಗೆ. ದಿನಕ್ಕೆ ಇಪ್ಪತ್ತೆರಡು ಕಿಲೋ ಖಂಡ, ಆರು ತಾಸಿನ ಹೊಗೆ.

ಕಳೆದ ಚಳಿಗಾಲದಲ್ಲಿ ಅಡುಗೆ ಗುತ್ತಿಗೆದಾರ ಧರ್ಮರಾಜ, ಚಡಚಣದ ಹತ್ತಿರದ ದ್ರಾಕ್ಷಿ ತೋಟವೊಂದರ ಔತಣಕ್ಕೆ ಇವರನ್ನು ಕರೆದಿದ್ದ. ಯಂತ್ರ ಟೆಂಪೋ ಏರಿ ಬಂತು. ಖಂಡ ಮೂರು ತಾಸು ಬೆಂದ ಮೇಲೆ ಆತ ಬಂದು, ಪೆಟ್ಟಿಗೆಯನ್ನು ದನದ ಕೊಟ್ಟಿಗೆಯ ಹಿಂದಕ್ಕೆ ಸರಿಸಿ ಎಂದ. ಅಡುಗೆಯವರು ಸೋಲಾಪುರದವರೆಂದು ಹೇಳುವುದಾಗಿಯೂ, ನಿಜ ತಿಳಿದರೆ ನಾಲ್ಕು ಮಂದಿ ಉಣ್ಣದೆ ಏಳುವರೆಂದೂ ತಗ್ಗಿದ ದನಿಯಲ್ಲಿ ತಿಳಿಸಿದ. ಯಾವ ನಿಜ ಎಂದು ರೇಣವ್ವ ಕೇಳಲಿಲ್ಲ. ಅವರ ಓಣಿ ಊರ ಹೊರಗಿನದೆಂದು ಇಬ್ಬರಿಗೂ ಗೊತ್ತಿತ್ತು.

“ನನ್ನ ಹೆಸರ ಬ್ಯಾಡಂದ್ರ ನನ್ನ ಅಡಗಿನೂ ಬ್ಯಾಡ” ಎಂದವರೇ ಫ್ಯಾನು ಆರಿಸಿದರು. ಗಂಡ ಧರೆಪ್ಪ ಪೆಟ್ಟಿಗೆಯನ್ನು ಮತ್ತೆ ಟೆಂಪೋಗೆ ಏರಿಸಿದ. ಹಗ್ಗ ಬಿಗಿದ. ಮುಂಗಡ ಧರ್ಮರಾಜನ ಕೈಗೆ ವಾಪಸಾಯಿತು, ಖಂಡ ಶೆಡ್ಡಿಗೆ ಬಂದು ಬೆಂದಿತು.

ಆಮೇಲೆ ಮೂವರು ಗುತ್ತಿಗೆದಾರರು ಕರೆಯುವುದನ್ನೇ ಬಿಟ್ಟರು. ರೇಣವ್ವ ಶೆಡ್ಡಿನ ಮುಂದೆ ತಮ್ಮ ಹೆಸರನ್ನು ಬೋರ್ಡಿನ ಈ ತುದಿಯಿಂದ ಆ ತುದಿಗೆ ಬರೆಸಿ ನಿಲ್ಲಿಸಿದರು. ಎರಡು ಭಾನುವಾರ ಖಂಡ ಅರ್ಧಕ್ಕರ್ಧ ಉಳಿಯಿತು. ಮೂರನೆಯ ವಾರ ಬಸ್ ಡ್ರೈವರುಗಳು ಬಂದರು, ಅವರ ಹಿಂದೆ ಲಿಂಬೆ ವ್ಯಾಪಾರಿಗಳು. ಅದೇ ದ್ರಾಕ್ಷಿ ತೋಟದ ಮನೆಯ ಸೊಸೆ ಸುವರ್ಣಾ ಈಗ ತಾವೇ ಡಬ್ಬಿ ಹಿಡಿದು ಬರುತ್ತಾರೆ. ಮಧ್ಯಾಹ್ನ ಒಂದಕ್ಕೆ ಜಾಲರಿ ಖಾಲಿ.

ಇನ್ನೇನು ಬೇಕು ಎಂದರೆ, ಇನ್ನೊಂದು ಪೆಟ್ಟಿಗೆ ಎನ್ನುತ್ತಾರೆ.

“ಅದನ್ನ ರಸ್ತೆಕ್ಕ ಮಾರಿ ಮಾಡಿ ನಿಲ್ಲಸ್ತೇನಿ. ತಿನ್ನಾವ್ರು ನನ್ನ ನೋಡೇ ತಿನ್ನಲಿ.”